ಎತ್ತಿಗೆ ಜ್ವರ, ಎಮ್ಮೆಗೆ ಬರೆ

2021ರ ನವೆಂಬರ್ ಮಧ್ಯದಲ್ಲಿ ಇಂಗ್ಲೆಂಡಿನ ಎರಡನೇ ದರ್ಜೆಯ ಫುಟ್‌ಬಾಲ್ ಲೀಗ್ 'ಚಾಂಪಿಯನ್‌ಶಿಪ್'ನ ಅಂಕಪಟ್ಟಿ ನೋಡಿದವರಿಗೆ ಕೊನೆಯ ಸಾಲಿನಲ್ಲಿ ಒಂದು ವಿಚಿತ್ರ ಸಂಖ್ಯೆ ಕಾಣ್ತಿತ್ತು: ಡರ್ಬಿ ಕೌಂಟಿ, ಮೈನಸ್ 3. ಗೆದ್ದರೆ 3 ಅಂಕ, ಡ್ರಾ ಆದರೆ 1, ಸೋತರೆ ಸೊನ್ನೆ. ಅಂದಮೇಲೆ ಎಷ್ಟೇ ಕೆಟ್ಟದಾಗಿ ಆಡಿದರೂ ಸೊನ್ನೆಗಿಂತ ಕೆಳಗೆ ಹೋಗೋದು ಹೇಗೆ? ಆಡಿ ಹೋಗೋಕಾಗಲ್ಲ. ಬೇರೆ ಯಾರೋ ತಪ್ಪು ಮಾಡಿದಾಗ ಮಾತ್ರ ಹಾಗಾಗುತ್ತೆ.

ಡರ್ಬಿ ರೈಲ್ವೆ ಕಾರ್ಖಾನೆಗಳ, ರೋಲ್ಸ್ ರಾಯ್ಸ್ ವಿಮಾನ ಎಂಜಿನ್‌ಗಳ ಊರು. ಅಲ್ಲಿನ ಕ್ಲಬ್ ಹುಟ್ಟಿದ್ದು 1884ರಲ್ಲಿ. 1888ರಲ್ಲಿ ಶುರುವಾದ ಫುಟ್‌ಬಾಲ್ ಲೀಗಿನ ಸ್ಥಾಪಕ ತಂಡಗಳಲ್ಲಿ ಇದೂ ಒಂದು. 1972 ಮತ್ತು 1975ರಲ್ಲಿ ಇಡೀ ಇಂಗ್ಲೆಂಡಿಗೇ ಚಾಂಪಿಯನ್. ಆಮೇಲೆ ನಿಧಾನಕ್ಕೆ ಇಳಿಮುಖ. 2015ರಲ್ಲಿ ಕ್ಲಬ್ಬನ್ನು ಪೂರ್ತಿಯಾಗಿ ಕೊಂಡವರು ಮೆಲ್ ಮಾರಿಸ್. ಹೊರಗಿನ ಶ್ರೀಮಂತರಲ್ಲ, ಅದೇ ಊರಿನವರು, ಅದೇ ತಂಡದ ಅಭಿಮಾನಿ. ದುಡ್ಡು ಎಲ್ಲಿಂದ ಬಂತು ಅಂದ್ರೆ, ನಾವು ನೀವೆಲ್ಲ ಮೆಟ್ರೋದಲ್ಲಿ ಕೂತು ಆಡಿದ ಕ್ಯಾಂಡಿ ಕ್ರಶ್‌ನಿಂದ. ಆ ಆಟ ಮಾಡಿದ ಕಿಂಗ್ ಕಂಪನಿಯಲ್ಲಿ ಅವರು ಮೊದಲಿಂದ ಹಣ ಹೂಡಿದ್ದರು.

ಮಾರಿಸ್‌ಗೆ ಇದ್ದದ್ದು ಒಂದೇ ಕನಸು, ತಂಡವನ್ನು ಪ್ರೀಮಿಯರ್ ಲೀಗಿಗೆ ಏರಿಸೋದು. ಅದಕ್ಕೆ ಸುರಿಯಬೇಕಾದ ದುಡ್ಡಿಗೆ ನಿಯಮ ಅಡ್ಡ ಬರ್ತಿತ್ತು. ಆಗ ಈ ದರ್ಜೆಯ ಕ್ಲಬ್ಬೊಂದು ಮೂರು ವರ್ಷದಲ್ಲಿ 3.9 ಕೋಟಿ ಪೌಂಡ್‌ಗಿಂತ ಹೆಚ್ಚು ನಷ್ಟ ತೋರಿಸುವಂತಿರಲಿಲ್ಲ. ಆಗ ಲೆಕ್ಕದ ಪುಸ್ತಕದಲ್ಲಿ ಒಂದು ದಾರಿ ಹುಡುಕಲಾಯಿತು. ಆಫೀಸಿಗೆ ಲ್ಯಾಪ್‌ಟಾಪ್ ಕೊಂಡರೆ ಅದರ ಬೆಲೆಯನ್ನು ವರ್ಷಕ್ಕಿಷ್ಟು ಅಂತ ಇಳಿಸುತ್ತಾ ಹೋಗ್ತೀವಲ್ಲ, ಆಟಗಾರರ ವಿಷಯದಲ್ಲೂ ಹಾಗೇ. ನಾಲ್ಕು ವರ್ಷದ ಒಪ್ಪಂದವಾದರೆ ವರ್ಷಕ್ಕೆ ಕಾಲು ಭಾಗ ಖರ್ಚು ಬರೆಯಬೇಕು, ಯಾಕಂದ್ರೆ ಒಪ್ಪಂದ ಮುಗಿದ ದಿನ ಆತ ಪುಕ್ಕಟೆಯಾಗಿ ಎದ್ದು ಹೋಗಬಹುದು. ಡರ್ಬಿಯವರು ಮಾತ್ರ 'ಕೊನೆಯಲ್ಲೂ ಇವನನ್ನು ಮಾರಿದರೆ ಇಷ್ಟು ಬರುತ್ತೆ' ಅಂತ ಅಂದಾಜು ಹಾಕಿ, ಮೊದಲ ವರ್ಷಗಳಲ್ಲಿ ಕಡಿಮೆ ಖರ್ಚು ಬರೆದರು. 2016, 2017, 2018ರ ಲೆಕ್ಕಪತ್ರಗಳಲ್ಲಿ ನಷ್ಟ ಸಣ್ಣದಾಗಿ ಕಂಡಿತು.

2019ರಲ್ಲಿ ಕನಸು ಕೈಗೆ ಸಿಗುವಷ್ಟು ಹತ್ತಿರ ಬಂತು. ವೆಂಬ್ಲಿಯಲ್ಲಿ ನಡೆದ ಕೊನೆಯ ಪಂದ್ಯ ಗೆದ್ದಿದ್ದರೆ ಪ್ರೀಮಿಯರ್ ಲೀಗ್. ಆಸ್ಟನ್ ವಿಲ್ಲಾ ಎದುರು 2-1ರಿಂದ ಸೋತರು. ಆಮೇಲೆ ಕೋವಿಡ್ ಬಂದು ಕ್ರೀಡಾಂಗಣ ಖಾಲಿಯಾಯಿತು, ಸಾಲ ಬೆಳೆಯಿತು. 2021ರ ಸೆಪ್ಟೆಂಬರ್‌ನಲ್ಲಿ ಕ್ಲಬ್ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈ ಸೇರಿತು. ಅದಕ್ಕೆ ಶಿಕ್ಷೆ 12 ಅಂಕ ಕಡಿತ. ನವೆಂಬರ್‌ನಲ್ಲಿ ಹಳೇ ಲೆಕ್ಕಕ್ಕಾಗಿ ಇನ್ನೂ 9. ಅಷ್ಟರಲ್ಲಿ ಹುಡುಗರು ಆಡಿ ಗಳಿಸಿದ್ದು 18. ಕಳೆದರೆ ಮೈನಸ್ 3.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನೋ ಗಾದೆ ನಮಗೆ ಗೊತ್ತು. ಇಲ್ಲಿ ಆಗಿದ್ದು ಅದೇ ಅಂತ ಯಾರಿಗಾದರೂ ಅನ್ನಿಸುತ್ತೆ. ತಪ್ಪು ಲೆಕ್ಕ ಬರೆಯುವಾಗ ಆ ವರ್ಷದ ತಂಡದ ಕೆಲವು ಹುಡುಗರು ಇನ್ನೂ ಶಾಲೆಯಲ್ಲಿದ್ದರು. ಟಿಕೆಟ್ ಕೊಂಡು ಬಂದವರು ಬ್ಯಾಲೆನ್ಸ್ ಶೀಟಿಗೆ ಸಹಿ ಹಾಕಿದವರಲ್ಲ. ಕೆಲಸ ಕಳೆದುಕೊಂಡ ಆಫೀಸ್ ಸಿಬ್ಬಂದಿಯಂತೂ ಯಾವ ಲೆಕ್ಕದಲ್ಲೂ ಇಲ್ಲ. ಮಾಡಿದವನೊಬ್ಬ, ಉಣ್ಣುವವರು ಸಾವಿರಾರು ಜನ. ಇದು ನ್ಯಾಯಾನಾ?

ನ್ಯಾಯ ಅಲ್ಲ ಅಂತ ಹೇಳಿ ಲೇಖನ ಮುಗಿಸಬಹುದಿತ್ತು. ಆದರೆ ಪಕ್ಕದಲ್ಲಿ ವೈಕಂಬ್ ವಾಂಡರರ್ಸ್ ನಿಂತಿದೆ.

ವೈಕಂಬ್ ಲಂಡನ್ನಿನ ಹತ್ತಿರದ ಒಂದು ಪುಟ್ಟ ಕ್ಲಬ್. 2020-21ರಲ್ಲಿ ಅವರು ತಮ್ಮ ಇತಿಹಾಸದಲ್ಲೇ ಮೊದಲ ಸಲ ಎರಡನೇ ದರ್ಜೆಗೆ ಏರಿದ್ದರು. ದುರದೃಷ್ಟ ನೋಡಿ, ಅದೇ ಕೋವಿಡ್ ವರ್ಷ, ಬಹುತೇಕ ಪಂದ್ಯಗಳು ಖಾಲಿ ಕುರ್ಚಿಗಳ ಮುಂದೆ. ಕೊನೆಯಲ್ಲಿ ವೈಕಂಬ್‌ಗೆ 43 ಅಂಕ, ಡರ್ಬಿಗೆ 44. ಒಂದು ಅಂಕದಿಂದ ಡರ್ಬಿ ಉಳಿಯಿತು, ವೈಕಂಬ್ ಕೆಳಗಿಳಿಯಿತು. ಡರ್ಬಿಗೆ ಬೀಳಬೇಕಿದ್ದ ಏಟು ಆ ವರ್ಷವೇ ಬಿದ್ದಿದ್ದರೆ? ವೈಕಂಬ್‌ನ ಅಭಿಮಾನಿಯೂ ಯಾವ ತಪ್ಪೂ ಮಾಡಿದವನಲ್ಲ. ಅವನ ಕ್ಲಬ್ಬಿನ ಮೇಲೆ ಅಂಥ ಆರೋಪವೂ ಇರಲಿಲ್ಲ. ಡರ್ಬಿಯ ಅಮಾಯಕರನ್ನು ಶಿಕ್ಷೆಯಿಂದ ಉಳಿಸಿದರೆ, ಆ ಶಿಕ್ಷೆ ಮಾಯವಾಗಲ್ಲ, ಇನ್ನೊಂದು ಊರಿನ ಅಮಾಯಕರ ಮನೆಬಾಗಿಲಿಗೆ ಹೋಗುತ್ತೆ. ಬರೆ ಯಾರಿಗೂ ಬೇಡ ಅನ್ನುವ ಆಯ್ಕೆ ಇಲ್ಲಿ ಇಲ್ಲ. ಯಾವ ಎಮ್ಮೆಗೆ ಅನ್ನೋದಷ್ಟೇ ಪ್ರಶ್ನೆ.

ಇನ್ನೊಂದು ವಿಷಯ ಇದೆ. ಅಭಿಮಾನಿ ಮಾತಾಡೋದು ಕೇಳಿದ್ದೀರಲ್ಲ, '72ರಲ್ಲಿ ನಾವು ಗೆದ್ವಿ' ಅಂತಾನೆ. ಅವನು ಆಗ ಹುಟ್ಟಿರಲಿಲ್ಲ, ಒಂದು ಪಾಸ್ ಕೊಟ್ಟಿರಲಿಲ್ಲ, ಆದರೂ 'ನಾವು'. 2019ರ ವೆಂಬ್ಲಿಗೂ 'ನಾವು' ಹೋಗಿದ್ವಿ. ಆದರೆ ಅಲ್ಲಿಗೆ ಕರೆದೊಯ್ದ ಲೆಕ್ಕದ ಪುಸ್ತಕದ ಮಾತು ಬಂದ ಕೂಡಲೇ 'ಅವರು'. ಸುಖಕ್ಕೆ ನಾವು, ಸಾಲಕ್ಕೆ ಅವರು ಅನ್ನೋದು ಎಷ್ಟು ದೂರ ನಡೆಯುತ್ತೆ?

ಹಳ್ಳಿಯಲ್ಲಿ ಬೆಳೆದ ನನಗೆ ಇದು ಅಪ್ಪನ ಸಾಲದ ಹಾಗೆ ಕಾಣುತ್ತೆ. ಅಪ್ಪ ತೀರಿಕೊಂಡ ಮೇಲೆ ಸಾಲಗಾರ ಮನೆಗೆ ಬಂದರೆ ಮಗ 'ಕೇಳಿದ್ದು ನಾನಲ್ಲ' ಅನ್ನಬಹುದು, ಅದು ಸುಳ್ಳೂ ಅಲ್ಲ. ಆದರೆ ಆ ದುಡ್ಡಲ್ಲಿ ಕೊಂಡ ಗದ್ದೆ ಉಳುತ್ತಿರೋದು ಅವನೇ. ಸಾಲ ತೀರಿಸಿದ ಮಾತ್ರಕ್ಕೆ ಮಗ ತಪ್ಪಿತಸ್ಥ ಆಗಲ್ಲ. ಆ ಮನೆಯವನು ಅನ್ನಿಸಿಕೊಳ್ತಾನೆ, ಅಷ್ಟೆ. ತಪ್ಪು ಬೇರೆ, ಹೊಣೆ ಬೇರೆ. ತಪ್ಪು ಮಾಡಿದವನಿಗೇ ಅಂಟಿಕೊಂಡಿರುತ್ತೆ, ಅದನ್ನು ಇನ್ನೊಬ್ಬರಿಗೆ ದಾಟಿಸೋಕಾಗಲ್ಲ. ಹೊಣೆಯನ್ನು ಮಾತ್ರ, 'ನಾವು' ಅನ್ನುವ ಯಾರು ಬೇಕಾದರೂ ಹೊರಬಹುದು.

ಡರ್ಬಿಯ ಜನ ಅದನ್ನು ಹೊತ್ತರು ಅಂತಲೇ ಆ ವರ್ಷ ನನಗೆ ಮುಖ್ಯ. ಹಣ ಕೊಟ್ಟು ಆಟಗಾರರನ್ನು ಕೊಳ್ಳುವ ಹಾಗಿರಲಿಲ್ಲ. ಜನವರಿಯಲ್ಲಿ ಹಿರಿಯ ಆಟಗಾರ ಫಿಲ್ ಜಾಗಿಯೆಲ್ಕಾ ಒಪ್ಪಂದವನ್ನು ಮುಂದುವರಿಸಲಾಗದೆ ಕಳಿಸಿಕೊಟ್ಟರು. ತರಬೇತುದಾರ ವೇಯ್ನ್ ರೂನಿಗೆ ಅದೇ ತಿಂಗಳು ತಮ್ಮ ಹಳೇ ಕ್ಲಬ್ ಎವರ್ಟನ್‌ನಿಂದ ಕರೆ ಬಂತು, ಹೋಗಲಿಲ್ಲ. ಜನವರಿ 30ರಂದು ಸಾವಿರಾರು ಜನ ಊರೊಳಗಿಂದ ಪ್ರೈಡ್ ಪಾರ್ಕ್ ಕ್ರೀಡಾಂಗಣದವರೆಗೆ ಮೆರವಣಿಗೆ ಬಂದರು. ಒಳಗೆ 32 ಸಾವಿರಕ್ಕೂ ಹೆಚ್ಚು ಮಂದಿ. ಬರ್ಮಿಂಗ್‌ಹ್ಯಾಮ್ ಎದುರು 2-0 ಹಿಂದೆ. ಕೊನೆಯ ನಿಮಿಷಗಳಲ್ಲಿ ಒಂದು ಗೋಲು, ಆಮೇಲೆ 96ನೇ ನಿಮಿಷದಲ್ಲಿ ಕ್ರಿಸ್ಟಿಯಾನ್ ಬೀಲಿಕ್ ಗಾಳಿಯಲ್ಲಿ ಹಿಮ್ಮುಖ ಹಾರಿ ಒದ್ದ ಇನ್ನೊಂದು. 2-2. ಸಿಕ್ಕಿದ್ದು ಒಂದೇ ಅಂಕ.

ಏಪ್ರಿಲ್ 18ರಂದು ಲಂಡನ್ನಿನಲ್ಲಿ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಎದುರು 1-0ರಿಂದ ಸೋತು ಮೂರನೇ ದರ್ಜೆಗೆ ಇಳಿದರು. ಒಟ್ಟು 46 ಪಂದ್ಯ: 14 ಗೆಲುವು, 13 ಡ್ರಾ, 19 ಸೋಲು. ಆಡಿ ಗಳಿಸಿದ್ದು 55 ಅಂಕ, ಉಳಿಯೋಕೆ ಧಾರಾಳ ಸಾಕಿತ್ತು. ಪಟ್ಟಿಯಲ್ಲಿ ಬರೆದಿದ್ದು 34.

ಹಾಗಂತ ಶಿಕ್ಷೆ ಕೊಟ್ಟ ರೀತಿ ಸರಿ ಅಂತ ನಾನು ಹೇಳ್ತಿಲ್ಲ. 2016ರ ಲೆಕ್ಕಕ್ಕೆ 2021ರಲ್ಲಿ ಅಂಕ ಕಿತ್ತರೆ ವೈಕಂಬ್‌ಗೂ ನ್ಯಾಯ ಸಿಗಲ್ಲ, ಡರ್ಬಿಗೂ ಸಿಗಲ್ಲ. ಮನೆಯ ಹೊಣೆ ಮಗನ ಮೇಲೆ ಬೀಳುತ್ತೆ ಅಂದಮೇಲೆ ಅಪ್ಪ ಸಾಲ ಮಾಡುವಾಗಲೇ ಮಗನಿಗೆ ಗೊತ್ತಾಗಬೇಕು, ಬೇಡ ಅನ್ನೋ ಹಕ್ಕೂ ಇರಬೇಕು. 2025ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆ ಬಂತು. ಕ್ಲಬ್ಬುಗಳ ಹಣಕಾಸನ್ನು ಮೊದಲೇ ನೋಡುವ, ಅಭಿಮಾನಿಗಳ ಮಾತಿಗೂ ಜಾಗ ಕೊಡುವ ಸ್ವತಂತ್ರ ನಿಯಂತ್ರಕ ಅದರಿಂದ ಹುಟ್ಟಿದೆ. ಹೊಣೆ ಹೊರುವವರಿಗೆ ದನಿ ಇಲ್ಲದಿದ್ದರೆ ಅದು ಹೊಣೆಯಲ್ಲ, ಬರೀ ಬರೆ.

2022ರ ಜುಲೈನಲ್ಲಿ ಊರಿನ ಉದ್ಯಮಿಯೊಬ್ಬರು ಕ್ಲಬ್ ಕೊಂಡರು. 2024ರಲ್ಲಿ ತಂಡ ಮತ್ತೆ ಎರಡನೇ ದರ್ಜೆಗೆ ಏರಿತು. ಕಿತ್ತುಕೊಂಡ 21 ಅಂಕಗಳು ವಾಪಸ್ ಬರಲಿಲ್ಲ, ಬರೋದೂ ಇಲ್ಲ. ಕಂಪನಿಗೆ, ಮನೆತನಕ್ಕೆ, ಊರಿಗೆ, ದೇಶಕ್ಕೆ 'ನಾವು' ಅನ್ನುವ ಮುಂಚೆ ನಾವೂ ಒಮ್ಮೆ ಕೇಳಿಕೊಳ್ಳಬೇಕು. ಇದರ ಕಪ್ಪುಗಳ ಜೊತೆ ಇದರ ಲೆಕ್ಕದ ಪುಸ್ತಕವೂ ನಮ್ಮದೇನಾ?