ಹೊತ್ತಿಲ್ಲವೆಂಬ ಮಾತು

‘ಕಲ್’ ಎಂಬ ಧಾತುವಿಗೆ ಎಣಿಸುವುದೆಂಬ ಅರ್ಥವುಂಟು. ಅದರಿಂದ ಕಾಲಶಬ್ದವನ್ನು ಸಾಧಿಸಿ, ಪ್ರಾಣಿಗಳ ಆಯುಷ್ಯವನ್ನು ಎಣಿಸುವಂಥದೇ ಕಾಲವೆಂದು ಪೂರ್ವಿಕರು ವಿವರಿಸಿದರು. ಯಮನಿಗೂ ಕಾಲನೆಂದೇ ಹೆಸರು. ಕನ್ನಡದಲ್ಲಿ ಈ ಶಬ್ದದ ವ್ಯವಹಾರ ಬಹುವಿಧವಾದುದು. ಮಳೆಗಾಲವೆಂದಾಗ ಅದು ಋತು, ಆಪತ್ಕಾಲವೆಂದಾಗ ಸಂದರ್ಭ, ಹಿರಿಯರು ಕಾಲವಾದರೆಂದಾಗ ಮರಣ. ವೇಳೆಯೆಂಬುದಕ್ಕೆ ಸಂಸ್ಕೃತದಲ್ಲಿ ಕಡಲ ದಡವೆಂಬ ಅರ್ಥವೂ ಇದೆ. ಮೀರಬಾರದ ಮೇರೆಯ ಭಾವ ಅದರಲ್ಲಿ ಅಡಗಿದೆ. ಸಮಯವೆಂಬುದು ಶಾಸನಗಳಲ್ಲಿ ಮತಧರ್ಮವನ್ನೂ ಸೂಚಿಸುತ್ತದೆ. ಹಳಗನ್ನಡದ ‘ಪೊೞ್ತು’ ಇಂದಿನ ಹೊತ್ತಾಗಿ, ಸೂರ್ಯನಿಗೂ ಸಲ್ಲುತ್ತದೆ: ಹೊತ್ತು ಹುಟ್ಟಿತು, ಹೊತ್ತು ಮುಳುಗಿತು. ತಳದಲ್ಲಿ ಸಣ್ಣ ರಂಧ್ರವುಳ್ಳ ಬಟ್ಟಲನ್ನು ನೀರಿನಲ್ಲಿ ತೇಲಬಿಟ್ಟು, ಅದು ತುಂಬಿ ಮುಳುಗುವ ಅವಧಿಯನ್ನು ಗಳಿಗೆಯೆಂದು ಎಣಿಸುತ್ತಿದ್ದರು. ದಿನವೊಂದಕ್ಕೆ ಇಂಥ ಗಳಿಗೆಗಳು 60. ಅರಸನಿಗೂ ಆಳಿಗೂ ಅಷ್ಟೇ.

ಹೀಗಿರಲು, ‘ನನಗೆ ಹೊತ್ತಿಲ್ಲ’ ಎಂಬ ಮಾತಿಗೆ ಅರ್ಥವೇನು? ಹೊತ್ತು ಹೋಗುವುದಿಲ್ಲವೆಂದು ಮಧ್ಯಾಹ್ನ ಬೇಸರಪಟ್ಟವನೇ ಸಂಜೆ ಹೊತ್ತಿಲ್ಲವೆನ್ನುತ್ತಾನೆ. ಪರರನ್ನು ಆಕ್ಷೇಪಿಸುವ ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ಒಮ್ಮೆ ಅಕ್ಷರ ಬಾರದ ವೃದ್ಧ ರೈತರೊಬ್ಬರು ಕಾಗದವೊಂದನ್ನು ಹಿಡಿದು ನಮ್ಮ ಮನೆಯ ಜಗಲಿಗೆ ಬಂದರು. “ಮೇಷ್ಟ್ರೇ, ಇದನ್ನು ಸ್ವಲ್ಪ ಓದಿ ಹೇಳ್ತೀರಾ?” ಎಂದರು. “ಪೂಜೆಯ ಹೊತ್ತಾಯಿತು, ಯಜಮಾನರೇ, ನಾಳೆ ಬನ್ನಿ” ಎಂದೆನು. ಪೂಜೆಗೆ ಇನ್ನೂ ಎರಡು ಗಳಿಗೆಯಿತ್ತು. ನಾನು ಪತ್ರಿಕೆಯನ್ನು ಓದುತ್ತ ಕುಳಿತಿದ್ದೆನು. ಮರುದಿನ ನೋಡಿದರೆ, ಅವರ ಜಮೀನಿನ ಬಗೆಗೆ ತಕರಾರು ಸಲ್ಲಿಸುವ ಗಡುವು ಹಿಂದಿನ ಸಂಜೆಗೇ ಮುಗಿದಿತ್ತು. ಅವರು ನನ್ನನ್ನು ದೂರಲಿಲ್ಲ. “ನನ್ನ ಕಾಲ ಸರಿಯಿಲ್ಲ” ಎಂದಷ್ಟೇ ಹೇಳಿ ಹೋದರು. ಅವರ ಕಾಲಕ್ಕೆ ಯಾವ ದೋಷವೂ ಇರಲಿಲ್ಲ. ದೋಷವಿದ್ದುದು ನನ್ನ ಮಾತಿನಲ್ಲಿ.

ನಮ್ಮ ತರೀಕೆರೆ ಸೀಮೆಯ ಅಮೃತಾಪುರಕ್ಕೆ ಮಕ್ಕಳನ್ನು ಕರೆದೊಯ್ದಾಗಲೆಲ್ಲ ಈ ಪ್ರಸಂಗ ನೆನಪಾಗುತ್ತದೆ. ಹೊಯ್ಸಳ ವೀರಬಲ್ಲಾಳನ ದಂಡನಾಯಕನಾದ ಅಮೃತನು ಅಲ್ಲಿಯ ಅಮೃತೇಶ್ವರ ದೇವಾಲಯವನ್ನು ಕ್ರಿ. ಶ. 1196ರಲ್ಲಿ ಕಟ್ಟಿಸಿದನು; ಅಲ್ಲಿಯ ಶಾಸನಕ್ಕೆ ಜನ್ನಕವಿಯ ಕಾವ್ಯಹಸ್ತ ದೊರೆಯಿತು. ಅರಸ, ದಂಡನಾಯಕ, ಕವಿ ಎಲ್ಲರೂ ಕಾಲವಾದರು. ತಮ್ಮ ಹೊತ್ತಿನಲ್ಲಿ ಅವರು ಮಾಡಿದ ಕೆಲಸ ಉಳಿಯಿತು. ಸಂಕ್ರಾಂತಿ, ಗ್ರಹಣಗಳಂತಹ ಪುಣ್ಯಕಾಲವನ್ನು ನೋಡಿ ದಾನವೀಯುವುದು ಆ ಯುಗದ ಶಾಸನಗಳಲ್ಲಿ ಸಾಮಾನ್ಯ.

ಅದಕ್ಕೆ ಒಂದು ತಲೆಮಾರು ಮೊದಲೇ ಕಲ್ಯಾಣದ ಶರಣರು ಬೇರೊಂದು ಲೆಕ್ಕವನ್ನು ತೋರಿದ್ದರು. ತಿಥಿ ವಾರ ಲಗ್ನಗಳ ಬಲವನ್ನು ಅವರು ನೆಚ್ಚಲಿಲ್ಲ. ಶಿವನನ್ನು ನೆನೆದ ಹೊತ್ತೇ ಅವರಿಗೆ ಶುಭಮುಹೂರ್ತ. ಆಯ್ದಕ್ಕಿ ಮಾರಯ್ಯನವರು ಅನುಭಾವಗೋಷ್ಠಿಯಲ್ಲಿ ಮೈಮರೆತಾಗ, ಕಾಯಕ ನಿಂತಿತೆಂದು ಎಚ್ಚರಿಸಿದವರು ಲಕ್ಕಮ್ಮನವರು. ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಪತಿ ತಂದಾಗ, ಅದನ್ನು ಮರಳಿ ಸುರಿದುಬರಲು ಹೇಳಿದವರೂ ಅವರೇ. ನಾಳೆಯ ಅಕ್ಕಿಯನ್ನು ಇಂದೇ ಕೂಡಿಡಲಾಗದು. ಇಂದಿನ ಕಾಯಕವನ್ನು ನಾಳೆಗೆ ತಳ್ಳಲೂ ಆಗದು. ಈ ಎರಡೂ ಒಂದೇ ವ್ರತದ ಎರಡು ಮುಖಗಳು.

ಪೂಜಾನಿಯಮವನ್ನು ಸಡಿಲಿಸಬೇಕೆಂದು ಇದರ ಅರ್ಥವಲ್ಲ. ನಿಯಮವನ್ನು ನೆಪವಾಗಿಸಬಾರದು ಎಂಬುದಷ್ಟೇ ನನ್ನ ವಿಜ್ಞಾಪನೆ. ಬಾಗಿಲಿಗೆ ಬಂದವನ ಕಷ್ಟಕ್ಕೆ ಪಂಚಾಂಗವಿಲ್ಲ. ‘ಹೊತ್ತಿಲ್ಲ’ ಎನ್ನುವ ಬಾಯಿ ‘ಮನಸ್ಸಿಲ್ಲ’ ಎಂದು ನಿಜ ನುಡಿದರೆ, ಅದನ್ನು ಕೇಳಿ ನಾವೇ ನಾಚಿಯೇವು. ಆ ವೃದ್ಧರು ಕಾಲವಾಗಿ ವರ್ಷಗಳು ಸಂದವು. ಈಗ ಯಾರಾದರೂ ಕಾಗದ ಹಿಡಿದು ಬಂದರೆ, ಮೊದಲು ಓದಿ ಹೇಳಿ, ಆಮೇಲೆ ಮಡಿಯುಟ್ಟು ಪೂಜೆಗೆ ಕುಳಿತುಕೊಳ್ಳುತ್ತೇನೆ.