ಪವಾಡವೂ ಭಕ್ತಿಯೂ

ವಿಜಯಪುರದಿಂದ ಪಶ್ಚಿಮಕ್ಕೆ, ಅಥಣಿಯ ಹಾದಿಯಲ್ಲಿ, ಕೆಲವೇ ಕಿಲೋಮೀಟರುಗಳ ಅಂತರದಲ್ಲಿರುವ ತೊರವಿಯು ಕನ್ನಡಿಗರಿಗೆ ಅಪರಿಚಿತವಾದ ಊರಲ್ಲ. ನೆಲದಡಿಯ ಗುಡಿಯಲ್ಲಿ ನೆಲೆಸಿದ ಇಲ್ಲಿಯ ನರಸಿಂಹನನ್ನು ನೆನೆದು ಕುಮಾರವಾಲ್ಮೀಕಿಯು ರಚಿಸಿದ ಕಾವ್ಯವು ಊರಿನ ಹೆಸರಿನಿಂದಲೇ ತೊರವೆ ರಾಮಾಯಣವೆಂದು ಪ್ರಸಿದ್ಧವಾಯಿತು. ಎರಡನೆಯ ಇಬ್ರಾಹಿಂ ಆದಿಲಶಹನು ತನ್ನ ನವರಸಪುರವನ್ನು ಇದರ ಮಗ್ಗುಲಲ್ಲಿಯೇ ಕಟ್ಟಿಸಲು ತೊಡಗಿದನು. ಇಂದು ಅಕ್ಕಮಹಾದೇವಿಯ ಹೆಸರನ್ನು ಹೊತ್ತ ರಾಜ್ಯ ಮಹಿಳಾ ವಿಶ್ವವಿದ್ಯಾಲಯವು ಇದೇ ನೆಲದಲ್ಲಿದೆ. ಹಳೆಯ ಶ್ರದ್ಧೆಯೂ ಹೊಸ ವಿದ್ಯೆಯೂ ಒಂದೇ ಊರಿನಲ್ಲಿ ವಾಸವಾಗಿರುವಲ್ಲಿ, ಒಂದೇ ಮನೆಯ ಪಡಸಾಲೆಯಲ್ಲಿಯೂ ಅವು ಎದುರುಬದುರಾಗಿ ಕುಳಿತುಕೊಳ್ಳುವದು ಸಹಜವೇ ಆಗಿದೆ.

ಅಂಥದೊಂದು ಮನೆಯ ಮಾತನ್ನು ಯಾರೂ ಊಹಿಸಿಕೊಳ್ಳಬಹುದು. ಕೂಸಿಗೆ ಜ್ವರ ಬಂದಿತ್ತು, ಇಳಿಯಿತು. ತಾನು ಪಂಚಾಕ್ಷರಿಯನ್ನು ಜಪಿಸಿ ಹಣೆಗೆ ಹಚ್ಚಿದ ವಿಭೂತಿಯಿಂದಲೇ ಇಳಿಯಿತೆಂದು ಆಯಿ ಹೇಳುತ್ತಾಳೆ. ಮೂರನೆಯ ದಿನಕ್ಕೆ ತಾನಾಗಿಯೇ ಇಳಿಯುವ ಜ್ವರವಿದೆಂದು ಕಾಲೇಜು ಓದುವ ಮೊಮ್ಮಗಳು ನಗುತ್ತಾಳೆ. “ನೀ ನಂಬದಿದ್ದರ ಬ್ಯಾಡವ್ವಾ, ದೇವರ ಮ್ಯಾಲ ನಾಲಗಿ ಹರಿಬಿಡಬ್ಯಾಡ” ಎಂದು ಆಯಿ. “ದೇವರಿಗೇನೂ ಅನ್ನವಲ್ಲೆ ಆಯಿ, ನೀ ಹೇಳೂ ಕಾರಣಾ ಕೇಳಾಕತ್ತೀನಿ” ಎಂದು ಮೊಮ್ಮಗಳು. ತಪ್ಪಿಸಿಕೊಂಡ ಎತ್ತು ಮರಳಿ ಬಂದರೆ ಪವಾಡ. ಭಜನೆಯಾದ ಮರುದಿನ ಮಳೆ ಹನಿದರೆ ಪವಾಡ. ನಿಂತುಹೋದ ಲಗ್ನ ಕೂಡಿಬಂದರೆ ಪವಾಡ. ಪುರಾಣಗಳಲ್ಲಿಯ ಮಹಾಪವಾಡಗಳಿಗಿಂತ ಇಂಥ ದಿನದಿನದ ಸಣ್ಣ ಪವಾಡಗಳಿಗಾಗಿಯೇ ಮನೆಮನೆಗಳಲ್ಲಿ ಹೆಚ್ಚಿನ ವಾದವು ನಡೆಯುವದು.

ಜ್ವರದ ಮಾತು ಅಲ್ಲಿಗೇ ನಿಂತರೆ ಹಾನಿಯಿಲ್ಲ. ಹಾವಿನ ಮಾತು ಹಾಗಲ್ಲ. ರಾತ್ರಿ ಪಂಪಿಗೆ ವಿದ್ಯುತ್ತು ಬಂದಾಗ ಬೆಳೆಗೆ ನೀರು ಹಾಯಿಸಲು ಹೋದ ರೈತನಿಗೆ ಹಾವು ಕಡಿಯುತ್ತದೆ. ಅವನನ್ನು ಮೊದಲು ಆಸ್ಪತ್ರೆಗೆ ಒಯ್ಯಬೇಕೋ ಅಥವಾ ವಿಷವನ್ನಿಳಿಸುವದೆಂದು ಹೆಸರಾದ ಕಟ್ಟೆಗೆ ಒಯ್ಯಬೇಕೋ ಎಂಬ ಪ್ರಶ್ನೆಯು ಆ ಅಪರಾತ್ರಿಯಲ್ಲಿ ಮನೆಯವರ ಮುಂದೆ ಬಂದು ನಿಲ್ಲುವದು. ಕಟ್ಟೆಗೆ ಒಯ್ದವರಲ್ಲಿ ಅನೇಕರು ಬದುಕಿ ಬಂದಿರುವರೆಂಬುದು ಸುಳ್ಳಲ್ಲ. ಆದರೆ ನಮ್ಮ ನಾಡಿನ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು. ವಿಷದ ಹಾವು ಕಡಿದಾಗಲೂ ಪ್ರತಿ ಸಲ ವಿಷವನ್ನು ಇಳಿಸಿಯೇ ತೀರುವದೆಂಬುದಿಲ್ಲ. ಹೀಗಾಗಿ ಕಟ್ಟೆಗೆ ಹೋದವನೂ ಬದುಕುವನು, ಎಲ್ಲಿಗೂ ಹೋಗದೆ ಮನೆಯಲ್ಲಿ ಕುಳಿತವನೂ ಎಷ್ಟೋ ಸಲ ಬದುಕುವನು. ಬದುಕಿದವನು ಊರೂರು ತಿರುಗಿ ಕಟ್ಟೆಯ ಮಹಿಮೆಯನ್ನು ಸಾರುವನು. ಸತ್ತವನು ಏನನ್ನೂ ಹೇಳಲಾರನು. ಅವನ ಮನೆಯವರೋ ತಮ್ಮ ಭಕ್ತಿಯಲ್ಲಿಯೇ ಕೊರತೆಯಿದ್ದಿತೆಂದು ತಲೆ ತಗ್ಗಿಸಿ ಸುಮ್ಮನಾಗುವರು. ಪವಾಡದ ಲೆಕ್ಕದ ಪುಸ್ತಕದಲ್ಲಿ ಜಮೆಯ ಪುಟವು ತುಂಬುತ್ತ ಹೋಗುವದು, ಖರ್ಚಿನ ಪುಟವನ್ನು ಬರೆಯುವವರೇ ಇಲ್ಲ.

ನಾಗರ, ಕಟ್ಟಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೂ ನಾಟುವ ಒಂದೇ ಪ್ರತಿವಿಷದ ಚುಚ್ಚುಮದ್ದು ಇಂದು ಲಭ್ಯವಿದೆ. ಕಟ್ಟಹಾವಿನ ಕಡಿತದಲ್ಲಿ ಮೊದಲು ನೋವು, ಬಾವು ಹೆಚ್ಚಾಗಿ ಕಾಣುವದಿಲ್ಲ. ಕಟ್ಟೆಯ ಮೇಲೆ ಕುಳಿತವನು ಚೆನ್ನಾಗಿದ್ದಾನೆಂದೇ ತೋರುವದು, ಬೆಳಗಾಗುವಷ್ಟರಲ್ಲಿ ಉಸಿರು ನಿಲ್ಲುವದು. ಕಳೆದುಹೋದ ಆ ತಾಸುಗಳನ್ನು ಯಾವ ಹರಕೆಯೂ ಮರಳಿ ತಂದುಕೊಡುವದಿಲ್ಲ. ನಾಯಿ, ಹಾವು, ಚೇಳು ಕಚ್ಚಿದವರಿಗೆ ವೈದ್ಯೋಪಚಾರವನ್ನು ತಪ್ಪಿಸಿ ಮಂತ್ರ ತಾಯಿತಗಳನ್ನು ಕೊಡುವದನ್ನು ಕರ್ನಾಟಕದ 2017ರ ಅಧಿನಿಯಮವು ಅಪರಾಧವೆಂದೆಣಿಸಿದೆ. ಅದು 2020ರ ಜನವರಿಯಿಂದ ಜಾರಿಗೆ ಬಂದಿತು. ಆದರೆ ಅರ್ಧರಾತ್ರಿಯ ಹೊಲದ ದಂಡೆಯಲ್ಲಿ ಕಾನೂನು ನಿಂತಿರುವದಿಲ್ಲ. ಅಲ್ಲಿ ನಿಂತಿರುವದು ಮನೆಯ ಹಿರಿಯರ ಮಾತು. ಕಲ್ಲಿನ ನಾಗನಿಗೆ ಹಾಲೆರೆದು ಜೀವವುಳ್ಳ ನಾಗನನ್ನು ಬಡಿಯುವ ಜನರ ವಿಪರೀತವನ್ನು ಬಸವಣ್ಣನವರು ಎಂಟು ಶತಮಾನಗಳ ಹಿಂದೆಯೇ ಎತ್ತಿ ತೋರಿಸಿದ್ದಾರೆ. ಜೀವವುಳ್ಳ ನಾಗನು ಕಡಿದಾಗ ಕಲ್ಲಿನ ನಾಗನ ಬಳಿಗೆ ಓಡುವದು ಅದೇ ವಿಪರೀತದ ಇನ್ನೊಂದು ಮುಖವಲ್ಲವೇ?

ಪವಾಡದ ಸುದ್ದಿಯು ಇಡೀ ದೇಶವನ್ನು ಒಂದೇ ದಿನದಲ್ಲಿ ಆವರಿಸಿದ ಪ್ರಸಂಗವೊಂದುಂಟು. 1995ನೆಯ ಇಸವಿಯ ಸಪ್ಟೆಂಬರ 21ರಂದು ದಿಲ್ಲಿಯಲ್ಲಿ ಬೆಳಗಾಗುವ ಮುನ್ನವೇ ಹುಟ್ಟಿದ ಸುದ್ದಿ, ಗಣಪತಿಯ ವಿಗ್ರಹವು ಚಮಚೆಯಿಂದ ಹಾಲು ಕುಡಿಯುತ್ತಿದೆಯೆಂಬುದು, ಟೆಲಿಫೋನಿನ ತಂತಿಗಳ ಮೇಲೇರಿ ಮಧ್ಯಾಹ್ನದೊಳಗಾಗಿ ಕರ್ನಾಟಕವನ್ನೂ ಮುಟ್ಟಿತು, ಕಡಲಾಚೆ ಲಂಡನ್ನಿಗೂ ಹೋಯಿತು. ವಿಜ್ಞಾನ ಇಲಾಖೆಯವರು ದಿಲ್ಲಿಯ ಗುಡಿಯಲ್ಲಿ ಹಾಲಿಗೆ ಬಣ್ಣ ಬೆರೆಸಿ ಹಿಡಿದರು. ಬಣ್ಣದ ಹಾಲು ಚಮಚೆಯ ಅಂಚಿನಿಂದ ವಿಗ್ರಹಕ್ಕೆ ಅಂಟಿ ತೆಳ್ಳಗಿನ ಪದರಾಗಿ ಕೆಳಗೆ ಹರಿದುಹೋಗುವದು ಎಲ್ಲರ ಕಣ್ಣಿಗೂ ಕಂಡಿತು. ದ್ರವದ ಮೇಲ್ಮೈಯು ಬಿಗಿದ ತೊಗಲಿನಂತೆ ಎಳೆದುಕೊಂಡಿರುತ್ತದೆ. ಕಲ್ಲು ಮುಟ್ಟಿದೊಡನೆ ಹನಿಯು ಆ ಕಡೆಗೆ ಜಾರುತ್ತದೆ. ಬಿಳಿಯ ಕಲ್ಲಿನ ಮೇಲೆ ಬಿಳಿಯ ಹಾಲು ಕಾಣದೆ ಹೋದುದೇ ಪವಾಡವಾಯಿತು. ಅಂದು ಗುಡಿಗಳ ಗಟಾರಗಳಲ್ಲಿ ಹಾಲು ಹರಿಯಿತು. ಬಡವರ ಮನೆಯ ಎಷ್ಟು ಕೂಸುಗಳಿಗೆ ಅಂದು ಹಾಲು ದೊರೆಯಲಿಲ್ಲವೆಂಬುದನ್ನು ಯಾರೂ ಎಣಿಸಿದಂತಿಲ್ಲ.

ಇಷ್ಟನ್ನು ನೋಡಿ ಸಂಶಯವಾದಿಗಳೇ ಗೆದ್ದರೆಂದು ತೀರ್ಮಾನಿಸಿದರೆ ಅದು ಅವಸರದ ಮಾತಾದೀತು. ಸಂಶಯದಲ್ಲಿಯೂ ಎರಡು ಬಗೆ. ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯೊಂದನ್ನು ನೇಮಿಸಿದರು. ಸತ್ಯಸಾಯಿಬಾಬಾ ಅವರಿಗೆ ವಿನಯದಿಂದಲೇ ಪತ್ರಗಳನ್ನು ಬರೆದು ತಜ್ಞರ ಸಮ್ಮುಖದಲ್ಲಿ ಪವಾಡಗಳನ್ನು ತೋರಿಸಲು ಕೇಳಿಕೊಂಡರು, ಉತ್ತರ ಬರಲಿಲ್ಲ. ಭೌತವಿಜ್ಞಾನದ ಪ್ರಾಧ್ಯಾಪಕರಾಗಿ, ಖಾದಿಧಾರಿಯಾಗಿ, ಬ್ರಹ್ಮಚಾರಿಯಾಗಿ, ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿಯೇ ಜೀವ ಸವೆಸಿದ ಅವರನ್ನು ಯಾರೂ ಧರ್ಮಹೀನರೆನ್ನಲಾರರು. ಅವರು ಪ್ರಶ್ನೆಯನ್ನು ಪ್ರಬಲರ ಮುಂದೆ ಇಟ್ಟರು. ಇನ್ನೊಂದು ಬಗೆಯ ಸಂಶಯವಾದಿಯು ತನ್ನ ಜಾಣತನವನ್ನು ಮುಪ್ಪಿನ ತಾಯಿಯ ಮುಂದೆ, ಮಗನನ್ನು ಕಳೆದುಕೊಂಡವಳ ಮುಂದೆ ಪ್ರದರ್ಶಿಸುವನು. ಅವನಿಗೆ ಸತ್ಯವು ಬೇಕಾಗಿಲ್ಲ, ಗೆಲುವು ಬೇಕಾಗಿದೆ. ಹಾಗೆ ಸೋಲಿಸಲ್ಪಟ್ಟ ತಾಯಿಯು ಮರುದಿನ ಮತ್ತೊಬ್ಬ ಮಂತ್ರವಾದಿಯ ಬಾಗಿಲಿಗೆ ಹೋದರೆ ತಪ್ಪು ಅವಳೊಬ್ಬಳದೇ ಅಲ್ಲ.

ಇಲ್ಲಿ ಸದ್ಭಕ್ತರು ಕೇಳದೆ ಇರಲಾರದ ಪ್ರಶ್ನೆಯೊಂದಿದೆ: ಶರಣರ ಚರಿತ್ರೆಗಳಲ್ಲಿಯೇ ಪವಾಡಗಳು ತುಂಬಿರುವಾಗ ಅವನ್ನೇನು ಮಾಡತಕ್ಕದ್ದು? ಈ ಪ್ರಶ್ನೆಯಿಂದ ಮುಖ ತಿರುಗಿಸುವದು ಪ್ರಾಮಾಣಿಕತೆಯಲ್ಲ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮನಾಥ ದೇವಾಲಯದಲ್ಲಿ, ಸುಮಾರು 1200ನೆಯ ಇಸವಿಯದೆಂದು ವಿದ್ವಾಂಸರು ಎಣಿಸುವ ಶಾಸನವೊಂದು ಏಕಾಂತದ ರಾಮಯ್ಯನ ಪವಾಡವನ್ನು ಕಲ್ಲಿನಲ್ಲಿ ಕಟೆದಿಟ್ಟಿದೆ. ಜೈನರೊಡನೆ ಪಣ ಕಟ್ಟಿ, ಓಲೆಯಲ್ಲಿ ಬರೆಯಿಸಿಕೊಂಡು, ಅವನು ತನ್ನ ಶಿರವನ್ನು ಅರಿದು ಶಿವನಿಗೆ ಅರ್ಪಿಸಿದನಂತೆ. ಏಳು ದಿನಗಳ ಮೇಲೆ ಗಾಯದ ಗುರುತೂ ಇಲ್ಲದಂತೆ ಶಿರವನ್ನು ಮರಳಿ ಪಡೆದನಂತೆ. ಜನರು ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುವರು. ಶಾಸನವು ನಿಲ್ಲಿಸುವದಿಲ್ಲ. ಪಣದಂತೆ ನಡೆಯಲು ಎದುರುಪಕ್ಷದವರು ಒಪ್ಪಲಿಲ್ಲ. ಕೊನೆಗೆ ರಾಮಯ್ಯನು ಜಿನನ ಮೂರ್ತಿಯನ್ನು ಒಡೆದನು. ದೂರು ಬಿಜ್ಜಳನವರೆಗೆ ಹೋಯಿತು. ಅರಸನು ರಾಮಯ್ಯನಿಗೆ ಜಯಪತ್ರವನ್ನು ಕೊಟ್ಟು ಸಮಾಧಾನದಿಂದಿರಿರೆಂದು ಇನ್ನೊಂದು ಪಕ್ಷಕ್ಕೆ ಹೇಳಿಕಳಿಸಿದನು. ಶಾಸನದ ಒಂದೊಂದು ಅಕ್ಷರವನ್ನು ನಂಬಿದರೂ ಅದು ಹೇಳುವದೇನು? ತಲೆಯು ಮರಳಿ ಬಂದಿತು, ಎದುರಿನವರ ಮನಸ್ಸು ಮರಳಲಿಲ್ಲ. ಪವಾಡದಿಂದ ಇತ್ಯರ್ಥವಾಗಬೇಕಾಗಿದ್ದ ವ್ಯಾಜ್ಯವು ಬಡಿದಾಟದಿಂದಲೂ ಅರಮನೆಯ ಮೊಹರಿನಿಂದಲೂ ಮುಗಿಯಿತು. ನೆರೆಯವರ ಗುಡಿಯ ಮೂರ್ತಿಯೊಡೆದುದನ್ನು ಇಂದು ಯಾವ ಭಕ್ತನೂ ಹೆಮ್ಮೆಯಿಂದ ಹೇಳಿಕೊಳ್ಳಬೇಕಾಗಿಲ್ಲ.

ಶೂನ್ಯಸಂಪಾದನೆಯ ಗೋರಕ್ಷನ ಪ್ರಸಂಗವು ಇದಕ್ಕೆ ತದ್ವಿರುದ್ಧವಾಗಿದೆ. ಸಾಧನೆಯಿಂದ ದೇಹವನ್ನು ವಜ್ರವಾಗಿಸಿಕೊಂಡ ಗೋರಕ್ಷನು ತನ್ನನ್ನು ಖಡ್ಗದಿಂದ ಹೊಡೆಯಲು ಪ್ರಭುದೇವರಿಗೆ ಹೇಳುವನು. ಹೊಡೆದರೆ ಖಣಿಲೆಂದು ಸದ್ದಾಗುವದೇ ಹೊರತು ಕೂದಲೂ ಕೊಂಕುವದಿಲ್ಲ. ಅದೇ ಖಡ್ಗದಿಂದ ಅವನು ಪ್ರಭುವನ್ನು ಹೊಡೆದಾಗ ಅದು ಬಯಲಿನಲ್ಲಿ ಬೀಸಿದಂತೆ ಹಾಯ್ದುಹೋಗುವದು. ಇದೂ ಒಂದು ಪವಾಡವೇ ಅಲ್ಲವೇ ಎಂದು ಸಂಶಯವಾದಿಯು ಕೇಳಬಹುದು. ಕೇಳುವದು ನ್ಯಾಯವೂ ಹೌದು. ನಡೆದ ಸಂಗತಿಯೆಂದು ಹಟ ಹಿಡಿದರೆ ಅದಕ್ಕೆ ಉತ್ತರವಿಲ್ಲ. ಆದರೆ ಕಥೆಯು ಸದ್ದಾದ ದೇಹವನ್ನು ಸೋತುದೆಂದು ಹೇಳುತ್ತದೆ. ಸಾಯದಂತೆ ದೇಹವನ್ನು ಬಿಗಿಹಿಡಿದವನಲ್ಲಿ ‘ನಾನು’ ಎಂಬುದು ಗಟ್ಟಿಯಾಗಿ ಉಳಿದಿತ್ತು. ಆದುದರಿಂದಲೇ ಖಡ್ಗಕ್ಕೆ ತಾಕಲು ಏನೋ ಸಿಕ್ಕಿತು. ಪವಾಡವೆಂಬುದರ ಬೆಲೆಯನ್ನು ಪವಾಡದ ಭಾಷೆಯಲ್ಲಿಯೇ ಕೆಳಗಿಳಿಸಿದ ಇಂಥ ಕಥೆಯು ನಮ್ಮ ಸಾಹಿತ್ಯದಲ್ಲಿ ಅಪರೂಪ.

ಕರಸ್ಥಲದಲ್ಲಿ ಲಿಂಗವನ್ನಿಟ್ಟುಕೊಂಡು ಕುಳಿತ ಭಕ್ತನು ಅದರಿಂದ ಏನನ್ನು ಬೇಡುತ್ತಾನೆ? ಎತ್ತು ಮರಳಿ ಬರಲೆಂದೇ, ಮೊಕದ್ದಮೆ ಗೆಲ್ಲಲೆಂದೇ ಅದನ್ನು ಹಿಡಿದಿದ್ದರೆ ಅದು ಅಂಗಡಿಯ ತಕ್ಕಡಿಯಾಯಿತು. ಎತ್ತು ಬಂದಾಗ ದೇವರಿದ್ದಾನೆ, ಬಾರದಾಗ ಇಲ್ಲ ಎಂದಾದರೆ ಅಂಥ ನಂಬಿಗೆಯನ್ನು ಅಲ್ಲಾಡಿಸಲು ಸಂಶಯವಾದಿಯೇ ಬೇಕಾಗಿಲ್ಲ, ಒಂದು ಬರಗಾಲ ಸಾಕು. ಶರಣರು ಕಾಯಕದಿಂದ ಬಂದುದನ್ನು ಪ್ರಸಾದವೆಂದರು, ಆಕಾಶದಿಂದ ಉದುರಿದುದನ್ನಲ್ಲ. ಬೆವರು ಸುರಿಸಿ ಬೆಳೆದ ಜೋಳದ ರೊಟ್ಟಿಗೆ ಆ ಹೆಸರು ಸಲ್ಲುವದಾದರೆ, ವೈದ್ಯನು ಚುಚ್ಚಿದ ಮದ್ದಿಗೆ ಸಲ್ಲಬಾರದೇಕೆ? ಅವನದೂ ಕಾಯಕವೇ.

ತೊರವಿಯ ನೆಲದಡಿಯಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ಆದಿಲಶಾಹಿಯ ಕಾಲದಲ್ಲಿ ಇಲ್ಲಿಯ ನೆಲದೊಳಗಿನ ಸೆಲೆಗಳ ನೀರನ್ನು ಸುರಂಗದ ಮೂಲಕ ವಿಜಾಪುರ ಪಟ್ಟಣಕ್ಕೆ ಒಯ್ದಿದ್ದರು. ಸುರಂಗ ಬಾವಡಿಯೆಂಬ ಹೆಸರು ಇಂದಿಗೂ ಉಳಿದಿದೆ. ರಾಟೆಯಿಲ್ಲದೆ, ಎತ್ತುಗಳಿಲ್ಲದೆ, ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಕಲ್ಲಿನೊಳಗಿಂದ ನೀರು ತಾನಾಗಿಯೇ ಬಂದುದನ್ನು ಕಂಡ ದಾರಿಕಾರನು ಕೈ ಮುಗಿದಿದ್ದರೆ ಆಶ್ಚರ್ಯವಿಲ್ಲ. ಗುಟ್ಟು ಇಷ್ಟೆ: ಸುರಂಗದ ತಳಕ್ಕೆ ಅತ್ಯಲ್ಪವಾದ ಇಳಿಜಾರು, ಗಾಳಿಗೂ ಹೂಳು ತೆಗೆಯುವದಕ್ಕೂ ನಡುನಡುವೆ ಬಾವಿಯಂಥ ಕಂಡಿಗಳು. ಕಾರಣ ತಿಳಿದ ಮಾತ್ರಕ್ಕೆ ನೀರಿನ ತಂಪು ಕಡಿಮೆಯಾಗಲಿಲ್ಲ. ಬದಲಾಗಿ, ಕತ್ತಲಲ್ಲಿ ಕಲ್ಲು ಕಡಿದ ಹೆಸರಿಲ್ಲದ ಕೈಗಳ ಬಗ್ಗೆ ಗೌರವವು ಹುಟ್ಟುವದು. ಈಗ ಕೃಷ್ಣೆಯ ನೀರು ಏತ ನೀರಾವರಿಯಿಂದ ಟಿಕೋಟಾ, ಬಬಲೇಶ್ವರಗಳ ಒಣ ಕೆರೆಗಳಿಗೆ ಬಂದು ಬಿದ್ದಾಗಲೂ ಹಿರಿಯರು ಅದನ್ನು ಪವಾಡವೆಂದೇ ಕರೆದರೆ ಯಾರೂ ತಿದ್ದಬೇಕಾಗಿಲ್ಲ. ಆ ಮಾತಿನಲ್ಲಿ ಪಂಪು, ಕೊಳವೆಗಳ ನಿರಾಕರಣೆಯಿಲ್ಲ.

ಆಯಿಯ ವಿಭೂತಿಯನ್ನೂ ಹೀಗೆಯೇ ನೋಡಬೇಕು. ಜ್ವರದ ಕಾರಣವನ್ನು ಅವಳು ತಪ್ಪಾಗಿ ಹೇಳಿರಬಹುದು. ಆದರೆ ರಾತ್ರಿಯೆಲ್ಲ ಕೂಸಿನ ಪಕ್ಕದಲ್ಲಿ ಎಚ್ಚರವಾಗಿದ್ದವಳು ಅವಳೇ. ಹಣೆಯ ಮೇಲೆ ಮತ್ತೆ ಮತ್ತೆ ಕೈಯಿಟ್ಟವಳು ಅವಳೇ. ವಿಭೂತಿಯು ಮದ್ದಲ್ಲ, ಮದ್ದೆಂದು ಆಚಾರ್ಯರು ಅದನ್ನು ಅಷ್ಟಾವರಣದಲ್ಲಿ ಎಣಿಸಿದುದೂ ಅಲ್ಲ. ಮೊಮ್ಮಗಳು ಜ್ವರದ ಮಾಪಕವನ್ನು ತಂದು ಪಕ್ಕದಲ್ಲಿ ಕುಳಿತರೆ ಇಬ್ಬರಿಗೂ ಹೊರಸಿನ ಮೇಲೆ ಜಾಗವುಂಟು. ಹಾವು ಕಡಿದ ರಾತ್ರಿ ಮಾತ್ರ ಜಾಗವಿಲ್ಲ. ಅಂದು ಆಯಿಯೇ ಮುಂದಾಗಿ ಗಾಡಿ ತರಿಸಬೇಕು, ವಿಭೂತಿಯನ್ನು ಗಾಡಿಯಲ್ಲಿಯೇ ಹಚ್ಚಬಹುದು.

ಇದೇ ಟಿಕೋಟಾ ಸೀಮೆಯ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಬಾಳಿದ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ದೇಹವನ್ನು ಬಿಟ್ಟರು. ಅಂದು ವೈಕುಂಠ ಏಕಾದಶಿಯಾಗಿದ್ದುದನ್ನೇ ಹಿಡಿದು ಪವಾಡವನ್ನು ಹುಡುಕಿದವರೂ ಉಂಟು. ಸ್ವಾಮಿಗಳೋ 2014ರ ಗುರುಪೂರ್ಣಿಮೆಯಂದೇ ತಮ್ಮ ಅಂತಿಮ ಇಚ್ಛೆಯನ್ನು ಬರೆದಿಟ್ಟಿದ್ದರು: ದೇಹವನ್ನು ಭೂಮಿಯಲ್ಲಿ ಇಡದೆ ಅಗ್ನಿಗೆ ಕೊಡತಕ್ಕದ್ದು, ಚಿತಾಭಸ್ಮವನ್ನು ನದಿಯಲ್ಲಿ ಅಥವಾ ಸಾಗರದಲ್ಲಿ ಬಿಡತಕ್ಕದ್ದು, ಸ್ಮಾರಕವನ್ನು ಕಟ್ಟಕೂಡದು. ಲಕ್ಷಾಂತರ ಜನರು ನೆರೆದರು, ಬರೆದಂತೆಯೇ ನಡೆಯಿತು. ಹರಕೆ ಹೊತ್ತು ಕಾಯಿ ಒಡೆಯಲು ಗದ್ದುಗೆಯಿಲ್ಲ, ನೀರಿಳಿಯುವ ಕಲ್ಲಿಲ್ಲ, ತಾಯಿತಕ್ಕೆ ತುಂಬಲು ಮಣ್ಣಿಲ್ಲ. ಪ್ರವಚನಗಳಿವೆ. ಅವನ್ನು ತೊರವಿಯ ಯಾವ ಆಯಿಯೂ ಸಂಜೆಯ ಹೊತ್ತು ಮೊಮ್ಮಗಳ ಮೊಬೈಲಿನಲ್ಲಿ ಹಚ್ಚಿಸಿಕೊಂಡು ಕೇಳಬಹುದು.