ಮೇಲಿನವರು, ಕೆಳಗಿನವರು

ನೀರು ಯಾರದು ಎಂಬ ಪ್ರಶ್ನೆಗೆ ನಮ್ಮ ನರಗುಂದ ಸೀಮೆಯಲ್ಲಿ ಉತ್ತರ ಹೇಳದವರಿಲ್ಲ. ಚಹಾದಂಗಡಿಯ ಬೆಂಚಿನ ಮೇಲೆ ಕುಳಿತವರೂ ಟಿಎಂಸಿ ಲೆಕ್ಕ ಒಪ್ಪಿಸುತ್ತಾರೆ. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ ಹಂಚಿದ್ದು 13.42; ಅದರಲ್ಲಿ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಿಕೊಳ್ಳಬಹುದಾದದ್ದು 3.9.

"ಸುಮ್ಮನ ಸಮುದ್ರಕ್ಕ ಹೋಗೋ ನೀರು ನಮಗ ಕುಡಿಯಾಕ ಕೊಟ್ರ ಗೋವಾದವ್ರ ಗಂಟೇನ್ ಹೋಗತೈತಿ?" ಇದು ನಾನು ಹೆಚ್ಚು ಕೇಳಿದ ಮಾತು. ಅದರ ಹಿಂದಿನ ದಾಹ ನಿಜ. ಕುಡಿಯುವ ನೀರಿನ ಹಕ್ಕು ಉಳಿದೆಲ್ಲ ಹಕ್ಕುಗಳಿಗಿಂತ ಮೊದಲಿನದೆಂದು ನಾನೂ ನಂಬಿದ್ದೇನೆ. ಕಾಡುವುದು 'ಸುಮ್ಮನ' ಎಂಬ ಶಬ್ದ. ಗೋವೆಯಲ್ಲಿ ಮಾಂಡೋವಿ ಎನಿಸಿಕೊಳ್ಳುವ ಈ ನದಿಯ ನಡುವೆ ದಿವಾರ್, ಚೊರಾಂವ್ ಎಂಬ ನಡುಗಡ್ಡೆಗಳಿವೆ. ಮೇಲಿನ ಸಿಹಿನೀರು ಕಡಿಮೆಯಾದಷ್ಟೂ ಸಮುದ್ರದ ಉಪ್ಪು ನದಿಯೊಳಗೆ ಏರಿ ಬರುತ್ತದೆ. ಅಲ್ಲಿಯ ಮೀನುಗಾರನಿಗೆ, ಒಡ್ಡು ಕಟ್ಟಿ ಉಪ್ಪು ತಡೆದು ಭತ್ತ ಬೆಳೆಯುವವನಿಗೆ ಅದು ಸುಮ್ಮನೆ ಹೋಗುವ ನೀರಲ್ಲ. ಅವನ ಲೆಕ್ಕದಲ್ಲಿ ನಾವು ಮೇಲಿನವರು.

ಕೆಳಗಿನವರ ಸಂಕಟ ಅರಿಯಲು ಗೋವೆಯ ತನಕ ಹೋಗಬೇಕಾಗಿಯೂ ಇಲ್ಲ. ನವಿಲುತೀರ್ಥದ ಅಣೆಕಟ್ಟಿನಿಂದ ಬಂದ ಕಾಲುವೆ ನಮ್ಮೊಳಗೇ ಎರಡು ಜಾತಿ ಮಾಡಿದೆ. ಮೇಲಿನ ಹೊಲಗಳಲ್ಲಿ ನೀರು ಹೆಚ್ಚಾಗಿ ಎರಿ ಭೂಮಿ ಜವಳಾಗಿದೆ. ಬಾಲದ ಹೊಲದವರ ಒಣಗಾಲುವೆಯಲ್ಲಿ ಜಾಲಿಮುಳ್ಳು ಬೆಳೆದಿದೆ. (ಗಜೇಂದ್ರಗಡದ ಗುಡ್ಡದ ಸಾಲಿನವರಂತೂ ಈ ಜಗಳಕ್ಕೂ ಸೇರಿದವರಲ್ಲ, ಅವರದು ಮುಗಿಲು ನೋಡುವ ಬಾಳು.) 1980ರ ರೈತ ಬಂಡಾಯದ ಬೇರೂ ಇಲ್ಲಿಯೇ ಇತ್ತು. ನೀರು ಕಾಣದ ಹೊಲಕ್ಕೂ ಅಭಿವೃದ್ಧಿ ಕರ ಕಟ್ಟಿರೆಂದರು. ಜುಲೈ 21ರಂದು ನರಗುಂದದಲ್ಲಿ ಗೋಲಿಬಾರಾಯಿತು. ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಪ್ರಾಣ ಬಿಟ್ಟರು. ಆ ದಿನ ಬೀದಿಗಿಳಿದ ರೈತ ಕೇಳಿದ್ದು ಕೆಳಗಿನವನ ನ್ಯಾಯವನ್ನು.

ಈಗ ನಾವು ಮಹದಾಯಿಯನ್ನು ಬೇಡುತ್ತಿರುವುದು ದಾಹದ ಹೆಸರಿನಲ್ಲಿ. ಬೇಡಬೇಕು, ಸಂಶಯವಿಲ್ಲ. ಆದರೆ ದಾಹಕ್ಕೆಂದು ಪಡೆದದ್ದು ಕಬ್ಬಿಗೆ ಹರಿದರೆ ಕೆಳಗಿನವನಿಗೆ ನಾವು ಹೇಳಿದ ಮಾತು ಸುಳ್ಳಾಗುತ್ತದೆ. ಜಲಾಶಯದಲ್ಲಿ ಬೆರೆತ ಮೇಲೆ ಇದು ಕುಡಿಯುವ ನೀರು, ಇದು ಬೆಳೆಯ ನೀರು ಎಂದು ಗುರುತು ಹಿಡಿಯುವವರಾರು? ಹಿಡಿಯಲಾಗದು, ಅಳೆಯಬಹುದು, ಅಳೆದದ್ದನ್ನು ಊರಿನ ಚಾವಡಿಯ ಗೋಡೆಗೆ ಬರೆಯಬಹುದು. ರೋಣದ ಕಡೆ ಕಾಲುವೆಯ ಬಾಲದಲ್ಲಿ ಹೊಲವಿರುವ ಹಿರಿಯರೊಬ್ಬರ ಮುಂದೆ ಇದನ್ನೇ ಹೇಳಿದೆ. ಅವರು ನಕ್ಕರು: "ಬರೀರಿ ಸರ, ಬರೀರಿ. ಮೊದಲ ಮ್ಯಾಲಿನವ್ರ ಊರಾಗ ಬರೀರಿ."